ಸಾಡೇಸಾತಿ ಶನಿಯದ್ದು, ತಪ್ಪು ಯಾರದ್ದು?

ಕಳೆದ ವರ್ಷ ಒಂದು ಶುಕ್ರವಾರ ಸಂಜೆ, ಮಧುಗಿರಿ ಬಸ್ಸು ತಪ್ಪಿ ಹೋಗುತ್ತೆ ಅನ್ನೋ ಅವಸರದಲ್ಲಿ, ಟೆಸ್ಟ್ ಮಾಡದ ಒಂದು ಬದಲಾವಣೆಯನ್ನು ಸರ್ವರ್‌ಗೆ ಹಾಕಿಬಿಟ್ಟೆ. ಹಾಕಿದ್ದು ಇಡೀ ಟೀಮ್ ಬಳಸುವ ಒಂದೇ ಲಾಗಿನ್‌ನಿಂದ. ರಾತ್ರಿ ಸಿಸ್ಟಮ್ ಮಲಗಿತು. ಸೋಮವಾರದ ಕಾಲ್‌ನಲ್ಲಿ "ಇದು ಯಾರು ಮಾಡಿದ್ದು?" ಅಂತ ಕೇಳಿದಾಗ ಎಲ್ಲರ ಅನುಮಾನ ಹೋಗಿದ್ದು ಹೊಸದಾಗಿ ಸೇರಿದ್ದ ಹುಡುಗನ ಮೇಲೆ. ನಾನು ಮ್ಯೂಟ್‌ನಲ್ಲಿದ್ದೆ. ಮ್ಯೂಟ್‌ನಲ್ಲೇ ಉಳಿದೆ.

ಮುಂದಿನ ವಾರ ಊರಿಗೆ ಹೋದಾಗ ಅಮ್ಮ ನನ್ನ ಮುಖ ನೋಡಿಯೇ ಹೇಳಿದಳು: "ನಿಂಗೆ ಸಾಡೇಸಾತಿ ನಡೀತೈತೆ ಕಣಪ್ಪ. ನಾಳೆ ಶನಿವಾರ, ಪಾವಗಡಕ್ಕೆ ಹೋಗಿ ಎಳ್ಳೆಣ್ಣೆ ದೀಪ ಹಚ್ಚಿ ಬರಾಣ."

ನಮ್ಮ ಕಡೆ ಇದು ಹೊಸದಲ್ಲ. ಮಧುಗಿರಿ, ಶಿರಾ, ಕೊರಟಗೆರೆ ಯಾವ ತಾಲ್ಲೂಕಿನವರಾದರೂ ಕಷ್ಟ ಬಂದರೆ ಪಾವಗಡದ ಶನಿಮಹಾತ್ಮನ ಹತ್ತಿರ ಹೋಗ್ತಾರೆ. ಲೆಕ್ಕವೂ ಸುಲಭ. ಶನಿಗ್ರಹ ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು 29.5 ವರ್ಷ ಬೇಕು, ಹಾಗಾಗಿ ಒಂದು ರಾಶಿಗೆ ಸುಮಾರು ಎರಡೂವರೆ ವರ್ಷ. ಜನ್ಮರಾಶಿ, ಅದರ ಹಿಂದಿನದು, ಮುಂದಿನದು ಸೇರಿದರೆ ಏಳೂವರೆ. ಅಂದ್ರೆ 12 ರಾಶಿಗಳಲ್ಲಿ ಮೂರಕ್ಕೆ ಯಾವಾಗಲೂ ಸಾಡೇಸಾತಿ ಇದ್ದೇ ಇರುತ್ತೆ. ಆ ಹೊಸ ಹುಡುಗನಿಗೂ ಇದ್ದಿರಬಹುದು.

ಬಸ್ಸಿನಲ್ಲಿ ಸಿಕ್ಕ ಅಗಸ್ಟೀನ್

ಬಸ್ಸು ಮಿಡಿಗೇಶಿ ದಾಟುವಾಗ ಫೋನಿನಲ್ಲಿ ಒಂದು ಪುಸ್ತಕ ತೆಗೆದೆ. ಚರ್ಚಿಗೆ ಹೋಗುವ ಗೆಳೆಯನೊಬ್ಬ ಯಾವಾಗಲೋ ಕಳಿಸಿದ್ದು: ಸಂತ ಅಗಸ್ಟೀನನ 'ಕನ್ಫೆಷನ್ಸ್'. ಈತ ಕ್ರಿ.ಶ. 354ರಲ್ಲಿ ಈಗಿನ ಅಲ್ಜೀರಿಯಾದ ಒಂದು ಸಣ್ಣ ಊರಿನಲ್ಲಿ ಹುಟ್ಟಿದವನು. 16ನೇ ವಯಸ್ಸಿನಲ್ಲಿ ಗೆಳೆಯರ ಜೊತೆ ರಾತ್ರಿ ಹೊತ್ತು ಪಕ್ಕದವರ ಮರದ ಪೇರ್ ಹಣ್ಣು ಕದ್ದ. ಹಸಿವಿತ್ತಾ? ಇಲ್ಲ. ಮನೆಯಲ್ಲೇ ಇದಕ್ಕಿಂತ ಒಳ್ಳೆ ಹಣ್ಣಿತ್ತು. ಕದ್ದದ್ದನ್ನು ಹಂದಿಗಳಿಗೆ ಎಸೆದರು. ಮತ್ತೆ ಯಾಕೆ ಕದ್ದೆ ಅಂತ ನಲವತ್ತು ದಾಟಿದ ಮೇಲೂ, ಬಿಷಪ್ ಆದ ಮೇಲೂ, ತನ್ನನ್ನೇ ಕೇಳಿಕೊಳ್ಳುತ್ತಾನೆ. ಹುಣಸೆಕಾಯಿ, ಸೀಬೆಕಾಯಿ ಕದ್ದು ಬೆಳೆದ ನಮಗೆ ಇದು ತಮಾಷೆ ಅನಿಸಬಹುದು. ಅವನಿಗೆ ಅಲ್ಲ.

ಯೌವನದಲ್ಲಿ ಸುಮಾರು ಒಂಬತ್ತು ವರ್ಷ ಆತ ಪರ್ಷಿಯಾದ ಮಾನಿಯ ಪಂಥದಲ್ಲಿದ್ದ. ಲೋಕದಲ್ಲಿ ಬೆಳಕು, ಕತ್ತಲೆ ಎರಡು ಶಕ್ತಿಗಳ ಯುದ್ಧ ನಡೀತಿದೆ ಅನ್ನೋದು ಅವರ ಮಾತು. ಅದರಲ್ಲಿ ಒಂದು ಅನುಕೂಲವಿತ್ತು, ಅದನ್ನು ಅವನೇ ಒಪ್ಪಿಕೊಳ್ಳುತ್ತಾನೆ: ತಪ್ಪು ಮಾಡಿದ್ದು ನಾನಲ್ಲ, ನನ್ನೊಳಗಿನ ಇನ್ಯಾವುದೋ ಅನ್ನಬಹುದಿತ್ತು. ಜ್ಯೋತಿಷ್ಯವನ್ನೂ ನಂಬಿದ್ದ. ಅದನ್ನು ಬಿಡಿಸಿದ್ದು ಫರ್ಮಿನಸ್ ಎಂಬ ಪರಿಚಯದವನ ಕಥೆ. ಫರ್ಮಿನಸ್ ಹುಟ್ಟಿದ ಅದೇ ಗಳಿಗೆಯಲ್ಲಿ ಒಬ್ಬ ದಾಸಿಗೂ ಮಗು ಹುಟ್ಟಿತ್ತು. ಜಾತಕ ಒಂದೇ. ಇವನು ಸಿರಿವಂತನಾಗಿ ಬೆಳೆದ, ಆ ಮಗು ದಾಸನಾಗಿಯೇ ಉಳಿಯಿತು.

ಈ ವಾದ ಅಗಸ್ಟೀನನಿಂದಲೇ ಶುರುವಾದದ್ದಲ್ಲ. ಎರಡನೇ ಶತಮಾನದಲ್ಲೇ ಜಸ್ಟಿನ್ ಹೇಳಿದ್ದ: ಎಲ್ಲಾ ವಿಧಿಯೇ ಆದರೆ ಒಳ್ಳೆಯವನನ್ನು ಹೊಗಳೋದಕ್ಕೂ, ಕೆಟ್ಟವನನ್ನು ತೆಗಳೋದಕ್ಕೂ ಅರ್ಥವಿಲ್ಲ. ಮೂರನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಒರಿಗೆನ್ ನಕ್ಷತ್ರಗಳು ಸೂಚನೆ ಇರಬಹುದು, ಕಾರಣ ಅಲ್ಲ ಅಂದ. ನಮ್ಮಲ್ಲಿ ಇದನ್ನೇ ಎರಡು ಪದದಲ್ಲಿ ಮುಗಿಸ್ತಾರೆ: ಮಾಡಿದ್ದುಣ್ಣೋ ಮಹರಾಯ.

ಕೆಟ್ಟದ್ದು ಅಂದ್ರೆ ಏನು?

ನನ್ನನ್ನು ಹಿಡಿದು ನಿಲ್ಲಿಸಿದ್ದು ಅಗಸ್ಟೀನನ ಇನ್ನೊಂದು ಮಾತು. ಕೆಟ್ಟದ್ದು ಅನ್ನೋದು ಒಂದು ವಸ್ತುವಲ್ಲ, ಇರಬೇಕಾದ ಒಳ್ಳೆಯದು ಇಲ್ಲದಿರೋದು. ಓದಿದಾಗ ಪದಗಳ ಆಟ ಅನಿಸಿತು. ಆಮೇಲೆ ಆ ಸೋಮವಾರದ ಕಾಲ್ ನೆನಪಾಯಿತು. ನಾನು ಸುಳ್ಳು ಹೇಳಿರಲಿಲ್ಲ, ಆ ಹುಡುಗನ ಹೆಸರೂ ಎತ್ತಿರಲಿಲ್ಲ. ಅಲ್ಲಿ ಇರಬೇಕಾಗಿದ್ದ ಒಂದೇ ಒಂದು ವಾಕ್ಯ ಇರಲಿಲ್ಲ, ಅಷ್ಟೇ. ಆ ಖಾಲಿ ಜಾಗದಲ್ಲಿ ಒಬ್ಬ ಹುಡುಗ ಬಿದ್ದಿದ್ದ.

ಗುಡಿಯಲ್ಲಿ ಶನಿವಾರದ ರಶ್ಶು. ದೀಪ ಹಚ್ಚಿದೆ. ಚಿಕ್ಕಂದಿನಲ್ಲಿ ಕೇಳಿದ್ದ ಶನಿಮಹಾತ್ಮೆಯ ವಿಕ್ರಮ ರಾಜ ನೆನಪಾದ. ಮಾಡದ ಕಳ್ಳತನ ಹೊತ್ತು ಕೈಕಾಲು ಕಳಕೊಂಡು ಗಾಣದಲ್ಲಿ ಕೂತವನು. ಇಷ್ಟು ವರ್ಷ ಆ ಕಥೆಯಲ್ಲಿ ನಾನು ವಿಕ್ರಮ ಅಂದುಕೊಂಡೇ ಕೇಳಿದ್ದೆ. ಈ ಸಲ ವಿಕ್ರಮನ ಜಾಗದಲ್ಲಿ ಆ ಹುಡುಗನಿದ್ದ.

ವಾಪಸ್ ಬರುವಾಗ ಅಮ್ಮನಿಗೆ ಎಲ್ಲಾ ಹೇಳಿದೆ. ಬೈತಾಳೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಕಿಟಕಿ ಆಚೆ ನೋಡಿ, "ಆ ಹುಡುಗನ ಮನೇಲಿ ಯಾರ್ಯಾರು ಅವ್ರೆ?" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ.

ಗೊತ್ತಿದ್ದೂ ಮಾಡಲ್ಲ

ಇಷ್ಟಾದ ಮೇಲೆ ಸೋಮವಾರವೇ ಒಪ್ಪಿಕೊಂಡೆ ಅಂತ ಬರೆಯೋಕೆ ಆಸೆ. ಆದರೆ ನಾಲ್ಕು ದಿನ ಮೆಸೇಜ್ ಟೈಪ್ ಮಾಡಿ ಅಳಿಸಿದೆ. ಅಗಸ್ಟೀನ್ ಇದನ್ನೂ ಬರೆದಿದ್ದಾನೆ: ಮನಸ್ಸು ಕೈಗೆ ಹೇಳಿದರೆ ಕೈ ತಕ್ಷಣ ಕೇಳುತ್ತೆ, ಮನಸ್ಸು ತನಗೆ ತಾನೇ ಹೇಳಿದರೆ ಕೇಳಲ್ಲ. ಬ್ರಿಟನ್ ಕಡೆಯ ಪೆಲೇಜಿಯಸ್ ಎಂಬ ಸನ್ಯಾಸಿ, ಮನುಷ್ಯ ಮನಸ್ಸು ಮಾಡಿದರೆ ಒಳ್ಳೆಯವನಾಗಿ ಬದುಕಬಲ್ಲ ಅಂತ ಬೋಧಿಸಿದ. ದೇವರ ಕೃಪೆ ಇಲ್ಲದೆ ಆ ಮನಸ್ಸೇ ಬರಲ್ಲ ಅಂತ ಅಗಸ್ಟೀನ್ ವಾದಿಸಿದ. 418ರಲ್ಲಿ ಕಾರ್ತೇಜಿನ ಸಭೆ ಪೆಲೇಜಿಯಸ್‌ನ ವಾದವನ್ನು ತಳ್ಳಿಹಾಕಿತು. ಆಫೀಸಿನ ಮೋಟಿವೇಶನ್ ಸೆಷನ್‌ಗಳಲ್ಲಿ ಮಾತ್ರ ಪೆಲೇಜಿಯಸ್ ಇನ್ನೂ ಗೆಲ್ತಾನೇ ಇದ್ದಾನೆ. ನನ್ನ ಮಟ್ಟಿಗೆ ಇಬ್ಬರೂ ಅರ್ಧರ್ಧ ಸರಿ. ಸೆಂಡ್ ಒತ್ತಿದ್ದು ನನ್ನ ಬೆರಳೇ. ಒತ್ತಿಸಿದ್ದು ಅಮ್ಮನ ಆ ಪ್ರಶ್ನೆ.

ಶುಕ್ರವಾರ ಮ್ಯಾನೇಜರಿಗೆ ಬರೆದೆ, ಟೀಮ್ ಕಾಲ್‌ನಲ್ಲೂ ಹೇಳಿದೆ. ನನ್ನ ರೇಟಿಂಗ್ ಇಳಿಯಿತು. ಅವನ ಇಳಿದ ರೇಟಿಂಗ್ ಆ ಸಲಕ್ಕೆ ಸರಿಯಾಗಲಿಲ್ಲ, ಆಗಲೇ ಲಾಕ್ ಆಗಿತ್ತಂತೆ. ಆ ಹುಡುಗ "ಪರವಾಗಿಲ್ಲ ಬಿಡಿ ಸರ್" ಅಂದ. ಊಟಕ್ಕೆ ಮಾತ್ರ ಈಗಲೂ ಬೇರೆ ಟೇಬಲ್ಲಿಗೆ ಹೋಗ್ತಾನೆ.

ಅವನ ಮನೆಯಲ್ಲಿ ಅಪ್ಪ, ಅಮ್ಮ, ಓದೋ ತಂಗಿ ಇದ್ದಾರೆ. ಕೇಳಿ ತಿಳಿದುಕೊಂಡೆ. ಅಮ್ಮನಿಗೂ ಹೇಳಿದೆ.