ಅಂತರ್ವೇಶನವೇ, ಪ್ರಕ್ಷೇಪವೇ?

‘ಇಂಟರ್‌ಪೊಲೇಷನ್’ ಎಂದೊಡನೆ ಗ್ರಂಥಸಂಪಾದಕರಿಗೆ ಪ್ರಕ್ಷೇಪವೇ ನೆನಪಾಗುವುದು. ಗಣಕಯಂತ್ರದ ಚಲಚ್ಚಿತ್ರಣದಲ್ಲಿ ಆ ಅರ್ಥವು ಸಲ್ಲದು. ಪ್ರಕ್ಷೇಪವು ಅನ್ಯನ ಕೈವಾಡ. ಇಲ್ಲಿಯ ನಡುವಣ ಚಿತ್ರಗಳಾದರೋ, ಚಿತ್ರಕಾರನು ನಿಲಿಸಿದ ಕೀಫ್ರೇಮುಗಳಿಂದಲೇ ಗಣಿತವಾಗಿ ಹುಟ್ಟುವುವು. ಆದುದರಿಂದ ಅಂತರ್ವೇಶನವೆಂಬುದೇ ಯುಕ್ತ.

ಬ್ಲೆಂಡರ್ ಎಂಬ ತಂತ್ರಾಂಶದ ಗ್ರಾಫ್ ಎಡಿಟರಿನಲ್ಲಿ ಕೀಫ್ರೇಮುಗಳನ್ನು ಆರಿಸಿ ‘ಟಿ’ ಕೀಲಿಯನ್ನೊತ್ತಿದರೆ ಗತಿಭೇದಗಳು ಕಾಣಬರುತ್ತವೆ. ಕಾನ್‌ಸ್ಟಂಟ್ ಎಂಬುದರಲ್ಲಿ ಮುಂದಿನ ಕೀಫ್ರೇಮಿನವರೆಗೆ ನಿಶ್ಚಲತೆ, ಬಳಿಕ ಒಮ್ಮೆಗೇ ನೆಗೆತ, ಲೀನಿಯರ್ ಸಮಗತಿ, ಎಂದರೆ ನಮ್ಮ ತ್ರೈರಾಶಿಕವೇ, ಬೆಜಿಯೆ ವಕ್ರಗತಿ. ವಕ್ರದ ಹಿಡಿಕೆಗಳನ್ನು ‘ಆಟೊಮ್ಯಾಟಿಕ್’ ಮಾಡಿದರೆ ನೆರೆಯ ಕೀಫ್ರೇಮುಗಳು ಬಾಗನ್ನು ನಿರ್ಧರಿಸುವುವು.

ಸೂತ್ರವು ಬೇರೆಯಾದರೂ ಈ ನೆರೆಯ ವಿಚಾರವು ಬ್ರಹ್ಮಗುಪ್ತನ ಖಂಡಖಾದ್ಯಕದಲ್ಲಿಯೂ (ಕ್ರಿ.ಶ. 665) ಉಂಟು. ತ್ರಿಜ್ಯೆಯು 150 ಆಗಿರಲು 30 ಅಂಶದ ಜ್ಯಾ 75, 45ರದು 106. ನಡುವಣ 37½ ಅಂಶಕ್ಕೆ ತ್ರೈರಾಶಿಕವು 90.5 ಎನ್ನುವುದು, ಗತಖಂಡ 36, ಭೋಗ್ಯಖಂಡ 31 ಎರಡನ್ನೂ ನೋಡುವ ಆತನ ವಿಧಿಯಿಂದ 91.125 ಬರುವುದು. ನಿಜವಾದುದು 91.3.