ಪತ್ರ ಅಡವಿಟ್ಟರೆ ಮನೆ ಹೋಗುತ್ತಾ?



ಮನೆ ಕಟ್ಟಬೇಕು. ಕೈಯಲ್ಲಿ ಅಷ್ಟು ಹಣ ಇಲ್ಲ. ಬ್ಯಾಂಕಿನಲ್ಲಿ ಸಾಲ ಕೊಡ್ತಾರೆ ಅಂತ ಗೊತ್ತು. ಆದರೆ ಬ್ಯಾಂಕಿನವರು ಮನೆಯ ಪತ್ರ ಕೇಳುತ್ತಾರೆ. ಅಲ್ಲಿಗೆ ಎದೆ ಢವಢವ ಅನ್ನುತ್ತೆ. ಪತ್ರ ಕೊಟ್ಟ ಮೇಲೆ ಮನೆ ನಮ್ಮದಾ, ಬ್ಯಾಂಕಿನದಾ? ಕಲಿಕಾ ಕೇಂದ್ರದಲ್ಲಿ ಬಡ್ಡಿ ಲೆಕ್ಕದ ಪಾಠ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತೆ.

ಮೊದಲು ಮೂರು ಮಾತು ತಿಳಿಯೋಣ. ಮೂರೂ ನಿಮಗೆ ಗೊತ್ತಿರುವ ಮಾತುಗಳೇ.

ಓಲೆ, ಸರ ಇಟ್ಟು ಸಾಲ ತರುತ್ತೇವೆ. ಅದು ಗಿರವಿ. ಸಾಲ ತೀರುವ ತನಕ ಒಡವೆ ಅವರ ಪೆಟ್ಟಿಗೆಯಲ್ಲಿ ಇರುತ್ತೆ. ನಾವು ಬರೀ ಕಿವಿಯಲ್ಲಿ ಇರಬೇಕು.

ಹೊಲವನ್ನು ಭೋಗ್ಯಕ್ಕೆ ಕೊಡುತ್ತೇವೆ. ಹಣ ಕೊಟ್ಟವನು ಹೊಲ ಉಳುತ್ತಾನೆ. ಬೆಳೆ ಅವನದು. ಹಣ ತೀರಿಸಿದ ಮೇಲೆ ಹೊಲ ವಾಪಸ್ ಬರುತ್ತೆ.

ಮನೆ ಸಾಲಕ್ಕೆ ಮಾಡುವುದು ಅಡಮಾನ. ಇದರಲ್ಲಿ ಪತ್ರ ಬ್ಯಾಂಕಿನಲ್ಲಿ ಇರುತ್ತೆ. ಮನೆಯಲ್ಲಿ ನೀವು ಇರುತ್ತೀರಿ. ಒಲೆ ಹೊತ್ತಿಸುವವರು ನೀವೇ. ಕಂದಾಯ ಕಟ್ಟುವವರು ನೀವೇ. ಮಾಲೀಕರೂ ನೀವೇ. ಸಾಲ ತೀರಿಸದೆ ಮಾರುವ ಹಾಗಿಲ್ಲ, ಅಷ್ಟೆ. ಅಡಮಾನ ಅಂದರೆ ಮಾರಾಟ ಅಲ್ಲ.

ಪತ್ರದ ತಲೆಬರಹ ಓದಿ

ಬ್ಯಾಂಕಿಗಿಂತ ಹೆಚ್ಚು ಭಯ ಇರಬೇಕಾದ್ದು ಬೇರೆ ಕಡೆ. ಊರಲ್ಲಿ ಕೈಸಾಲ ಕೊಡುವ ಕೆಲವರು ಮನೆ ಪತ್ರದ ಮೇಲೆ ಸಾಲ ಕೊಡುತ್ತಾರೆ. "ಭದ್ರತೆಗೆ ಒಂದು ಪತ್ರ ಬರೆದುಕೊಡಮ್ಮ, ಸಾಲ ತೀರಿದ ದಿನ ವಾಪಸ್ ಬರೆದುಕೊಡ್ತೀನಿ" ಅಂತಾರೆ. ನೋಂದಣಿ ಕಚೇರಿಗೆ ಕರೆದುಕೊಂಡು ಹೋಗುತ್ತಾರೆ. ಹೆಬ್ಬೆಟ್ಟು ಒತ್ತಿಸುತ್ತಾರೆ. ಆ ಪತ್ರದ ಮೇಲ್ಗಡೆ ಏನು ಬರೆದಿದೆ ಅಂತ ಯಾರೂ ಓದುವುದಿಲ್ಲ.

ಈಗ ನಿಮಗೆ ಓದಲು ಬರುತ್ತೆ. ಓದಿ. "ಅಡಮಾನ ಪತ್ರ" ಅಂತ ಇದ್ದರೆ ಅದು ಸಾಲದ ಪತ್ರ. "ಕ್ರಯಪತ್ರ" ಅಥವಾ "ಶುದ್ಧ ಕ್ರಯಪತ್ರ" ಅಂತ ಇದ್ದರೆ ನೀವು ಮನೆ ಮಾರಿದ ಹಾಗೆ. ವಾಪಸ್ ಕೊಡುತ್ತೇನೆ ಎಂದು ಬಾಯಲ್ಲಿ ಹೇಳಿದರೆ ಸಾಲದು. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಏನು ಹೇಳುತ್ತೆ ಗೊತ್ತಾ? ವಾಪಸ್ ಕೊಡುವ ಷರತ್ತು ಅದೇ ಪತ್ರದ ಒಳಗೆ ಬರೆದಿರಬೇಕು. ಇಲ್ಲದಿದ್ದರೆ ಅಂಥ ಮಾರಾಟವನ್ನು ಅಡಮಾನ ಅಂತ ಒಪ್ಪುವುದಿಲ್ಲ. ಬೇರೆ ಚೀಟಿಯಲ್ಲಿ ಬರೆದರೂ ನಡೆಯುವುದಿಲ್ಲ. ಜಿಪಿಎ, ಅಂದರೆ ಅಧಿಕಾರ ಪತ್ರ, ಕೇಳಿದರೂ ಸಹಿ ಹಾಕಬೇಡಿ. ಅದನ್ನು ಹಿಡಿದು ಅವರು ನಿಮ್ಮ ಮನೆ ಬೇರೆಯವರಿಗೆ ಬರೆಯಬಹುದು.

ಇನ್ನೊಂದು ಮಾತು. ಸಂಘದ ಹೆಸರಲ್ಲಿ ವಾರದ ಕಂತಿನ ಸಾಲ ಕೊಡುವ ಮೈಕ್ರೋ ಫೈನಾನ್ಸ್‌ನವರು ಮನೆ ಪತ್ರ ಕೇಳುವ ಹಾಗೇ ಇಲ್ಲ. ಅದು ಅಡಮಾನ ಇಲ್ಲದ ಸಾಲ. ರಿಸರ್ವ್ ಬ್ಯಾಂಕು 2022ರಲ್ಲಿ ಮಾಡಿದ ನಿಯಮದಲ್ಲಿ ಹೀಗೇ ಇದೆ.

ಹೆಸರು ಎಲ್ಲಿದೆ?

ಗಂಡ ಸಾಲಕ್ಕೆ ಅರ್ಜಿ ಹಾಕುತ್ತಾರೆ. ಬ್ಯಾಂಕಿನವರು "ನಿಮ್ಮದೂ ಒಂದು ಸಹಿ ಬೇಕಮ್ಮ" ಅಂತಾರೆ. ಹಾಕಿ ಬರುತ್ತೇವೆ. ಆ ಸಹಿಯಿಂದ ನೀವು ಸಹ ಸಾಲಗಾರರು ಆಗುತ್ತೀರಿ. ಇಲ್ಲವೇ ಜಾಮೀನುದಾರರು ಆಗುತ್ತೀರಿ. ಯಾವುದೇ ಆದರೂ ಪೂರ್ತಿ ಸಾಲದ ಹೊಣೆ ನಿಮ್ಮ ಮೇಲೂ ಬಂತು. ಅರ್ಧ ಅಲ್ಲ, ಪೂರ್ತಿ.

ಆದರೆ ಸಾಲದ ಕಾಗದದಲ್ಲಿ ಹೆಸರು ಇದ್ದ ಮಾತ್ರಕ್ಕೆ ಮನೆಯಲ್ಲಿ ಹಕ್ಕು ಬರುವುದಿಲ್ಲ. ಹಕ್ಕು ಬರುವುದು ಕ್ರಯಪತ್ರದಲ್ಲಿ, ನಿವೇಶನದ ಪತ್ರದಲ್ಲಿ ಹೆಸರಿದ್ದರೆ. ಕಂತಿನ ಹೊಣೆ ಇಬ್ಬರದು, ಮನೆ ಒಬ್ಬರದು! ಇದು ಯಾವ ನ್ಯಾಯ? ಸಹಿ ಕೇಳಿದ ದಿನವೇ "ಪತ್ರದಲ್ಲೂ ನನ್ನ ಹೆಸರು ಹಾಕಿಸೋಣ" ಅಂತ ಮನೆಯಲ್ಲಿ ಕೂತು ಮಾತಾಡಿ. ಇದು ಜಗಳದ ಮಾತಲ್ಲ. ಸರ್ಕಾರವೇ ಇದನ್ನು ಒಪ್ಪಿದೆ. 2015ರಲ್ಲಿ ಶುರುವಾದ ಪ್ರಧಾನ ಮಂತ್ರಿ ನಗರ ಆವಾಸ್ ಯೋಜನೆಯಲ್ಲಿ ಮನೆಯನ್ನು ಹೆಂಗಸಿನ ಹೆಸರಲ್ಲಿ ಅಥವಾ ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಕೊಡಬೇಕು ಅಂತ ಇಟ್ಟರು.

ಗಂಡ ತೀರಿಕೊಂಡರೆ ಸಾಲವೂ ತೀರುತ್ತಾ? ಇಲ್ಲ. ಸಹಿ ಹಾಕಿದವರು ಕಟ್ಟಲೇಬೇಕು. ಸಾಲಕ್ಕೆ ವಿಮೆ ಮಾಡಿಸಿದ್ದರೆ ವಿಮೆಯವರು ಕಟ್ಟುತ್ತಾರೆ. ವಿಮೆ ಇದೆಯೇ, ಯಾರ ಹೆಸರಲ್ಲಿ ಇದೆ, ಆ ಕಾಗದ ಎಲ್ಲಿದೆ ಎನ್ನುವುದು ನಿಮಗೆ ಗೊತ್ತಿರಲಿ.

ವರ್ಷ ಪೂರ್ತಿ ಕಟ್ಟಿದೆ, ಸಾಲ ಇಳಿದೇ ಇಲ್ಲ!

ಇದು ಎಲ್ಲರ ದೂರು. ಬ್ಯಾಂಕಿನವರು ಮೋಸ ಮಾಡಿದರು ಅಂತ ಅನುಮಾನ ಬರುತ್ತೆ. ಪೆನ್ಸಿಲ್ ತಗೊಳ್ಳಿ. ಒಟ್ಟಿಗೆ ಲೆಕ್ಕ ಮಾಡೋಣ.

ಊರಲ್ಲಿ ಬಡ್ಡಿಯನ್ನು ತಿಂಗಳಿಗೆ ಹೇಳುತ್ತಾರೆ. ನೂರಕ್ಕೆ 3 ರೂಪಾಯಿ ಅಂದರೆ ತಿಂಗಳಿಗೆ 3 ರೂಪಾಯಿ. ವರ್ಷಕ್ಕೆ 36 ಆಯಿತು. ಬ್ಯಾಂಕಿನಲ್ಲಿ ವರ್ಷಕ್ಕೆ ಹೇಳುತ್ತಾರೆ. ನೂರಕ್ಕೆ 9 ಅಂದರೆ ತಿಂಗಳಿಗೆ 75 ಪೈಸೆ. ಆದ್ದರಿಂದ 3 ಕಡಿಮೆ, 9 ಹೆಚ್ಚು ಅಂತ ತಿಳಿಯಬೇಡಿ.

ಈಗ 5 ಲಕ್ಷ ರೂಪಾಯಿ ಸಾಲ ತಂದಿರಿ ಅನ್ನಿ. ಬಡ್ಡಿ ನೂರಕ್ಕೆ 9. ತೀರಿಸಲು 15 ವರ್ಷ. ತಿಂಗಳ ಕಂತು ಸುಮಾರು 5,071 ರೂಪಾಯಿ ಬರುತ್ತೆ. ಮೊದಲ ತಿಂಗಳು 5 ಲಕ್ಷದ ಮೇಲೆ ಬಡ್ಡಿ ಎಷ್ಟು? 3,750 ರೂಪಾಯಿ. ಕಂತಿನಲ್ಲಿ ಮೊದಲು ಬಡ್ಡಿ ಮುರಿದುಕೊಳ್ಳುತ್ತಾರೆ. ಉಳಿದ 1,321 ರೂಪಾಯಿ ಮಾತ್ರ ಅಸಲಿಗೆ ಹೋಗುತ್ತೆ. ಮುಂದಿನ ತಿಂಗಳು ಅಸಲು ಸ್ವಲ್ಪ ಇಳಿದಿದೆ. ಬಡ್ಡಿಯೂ ಸ್ವಲ್ಪ ಇಳಿಯುತ್ತೆ. ಅಸಲಿಗೆ ಹೋಗುವುದು ಸ್ವಲ್ಪ ಏರುತ್ತೆ. ಹೀಗೆ ನಿಧಾನವಾಗಿ ನಡೆಯುತ್ತೆ.

ಒಂದು ವರ್ಷದಲ್ಲಿ ನೀವು ಕಟ್ಟಿದ್ದು ಸುಮಾರು 60,850 ರೂಪಾಯಿ. ಅಸಲು ಇಳಿದದ್ದು ಸುಮಾರು 16,500 ಮಾತ್ರ. ಅರ್ಧ ಸಾಲ, ಅಂದರೆ ಎರಡೂವರೆ ಲಕ್ಷ, ತೀರುವ ಹೊತ್ತಿಗೆ ಹತ್ತಿರ ಹತ್ತಿರ 10 ವರ್ಷ ಕಳೆದಿರುತ್ತೆ. ಇನ್ನರ್ಧ 5 ವರ್ಷದಲ್ಲಿ ಮುಗಿಯುತ್ತೆ. ಇದು ಮೋಸ ಅಲ್ಲ. ಲೆಕ್ಕ ನಡೆಯುವುದೇ ಹೀಗೆ. ಆದರೆ ಸಾಲ ಕೊಡುವಾಗ ಇದನ್ನು ಬಿಡಿಸಿ ಹೇಳುವವರು ಕಡಿಮೆ.

ಅವಧಿ ಹೆಚ್ಚಾದರೆ ಕಂತು ಹಗುರ. ಆದರೆ ಒಟ್ಟು ಭಾರ. ಇದೇ 5 ಲಕ್ಷಕ್ಕೆ 10 ವರ್ಷ ಆದರೆ ಕಂತು 6,334, ಒಟ್ಟು ಕಟ್ಟುವುದು ಸುಮಾರು 7 ಲಕ್ಷ 60 ಸಾವಿರ. 20 ವರ್ಷ ಆದರೆ ಕಂತು 4,499, ಒಟ್ಟು ಸುಮಾರು 10 ಲಕ್ಷ 80 ಸಾವಿರ. ಹಾಗಂತ ದೊಡ್ಡ ಕಂತು ಒಪ್ಪಿಕೊಂಡು ಮಧ್ಯದಲ್ಲಿ ಸಿಕ್ಕಿಬೀಳುವುದೂ ಬೇಡ. ಮಳೆಗಾಲದಲ್ಲಿ ಕೂಲಿ ಇಲ್ಲದ ತಿಂಗಳಲ್ಲೂ ಕಟ್ಟಲು ಆಗುವಷ್ಟು ಕಂತು ಇರಲಿ.

ಕೈಗೆ ಒಂದಿಷ್ಟು ಹಣ ಬಂದರೆ ಮೊದಲ ವರ್ಷಗಳಲ್ಲೇ ಅಸಲಿಗೆ ಕಟ್ಟಿ. ಚೀಟಿ ಎತ್ತಿದ ಹಣ, ರೇಷ್ಮೆಗೂಡು ಮಾರಿದ ಹಣ, ಯಾವುದಾದರೂ ಆಗಲಿ. ಮೇಲಿನ 15 ವರ್ಷದ ಸಾಲದಲ್ಲಿ ಒಂದು ವರ್ಷ ಆದ ಮೇಲೆ 25 ಸಾವಿರ ಹೆಚ್ಚಿಗೆ ಕಟ್ಟಿದರೆ ಕೊನೆಯಲ್ಲಿ ಸುಮಾರು 16 ಕಂತು ತಪ್ಪುತ್ತೆ. 16 ಕಂತು ಅಂದರೆ ಸುಮಾರು 81 ಸಾವಿರ ರೂಪಾಯಿ! ಹಣ ಕಟ್ಟುವಾಗ "ಇದು ಅಸಲಿಗೆ, ಅವಧಿ ಕಡಿಮೆ ಮಾಡಿ" ಅಂತ ಬರೆದುಕೊಡಿ. ಬಡ್ಡಿ ಏರಿಳಿಯುವ ಮನೆ ಸಾಲವನ್ನು ಮುಂಚೆ ತೀರಿಸಿದರೆ ಬ್ಯಾಂಕು ದಂಡ ಹಾಕುವ ಹಾಗಿಲ್ಲ. 2012ರಲ್ಲೇ ಈ ನಿಯಮ ಬಂದಿದೆ.

ಏರಿಳಿಯುವ ಬಡ್ಡಿ ಅಂದೆ. ಬಡ್ಡಿ ಏರಿದಾಗ ಕೆಲವು ಸಲ ಕಂತು ಅಷ್ಟೇ ಇರುತ್ತೆ, ಆದರೆ ಕಂತುಗಳ ಸಂಖ್ಯೆ ಸದ್ದಿಲ್ಲದೆ ಬೆಳೆಯುತ್ತೆ. ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಅಂತ ನಿಮ್ಮನ್ನು ಕೇಳಬೇಕು ಎಂದು ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಹೇಳಿದೆ. ವರ್ಷಕ್ಕೊಮ್ಮೆ ಬ್ಯಾಂಕಿಗೆ ಹೋಗಿ "ಇನ್ನು ಎಷ್ಟು ಕಂತು ಇದೆ?" ಅಂತ ಕೇಳಿ ಬರೆದುಕೊಳ್ಳಿ.

ಅಷ್ಟು ದೊಡ್ಡ ಕಾಗದ ಓದುವುದು ಹೇಗೆ?

ಪೂರ್ತಿ ಓದಲು ಮೇಷ್ಟ್ರುಗಳಿಗೂ ಕಷ್ಟ. ಅದಕ್ಕೇ 2024ರ ಅಕ್ಟೋಬರ್ 1ರಿಂದ ಒಂದು ಅನುಕೂಲ ಆಗಿದೆ. ಸಾಲದ ಮುಖ್ಯ ಅಂಶಗಳನ್ನು ಬೇರೆ ಹಾಳೆಯಲ್ಲಿ ಬರೆದು ಕೊಡಬೇಕು. ಬಡ್ಡಿ ಎಷ್ಟು, ಬೇರೆ ಖರ್ಚು ಎಷ್ಟು, ಕಂತು ಎಷ್ಟು, ಒಟ್ಟು ಎಷ್ಟು ಕಟ್ಟಬೇಕು, ಎಲ್ಲ ಅದರಲ್ಲಿ ಇರಬೇಕು. ಸಾಲ ಪಡೆಯುವವರಿಗೆ ಅರ್ಥ ಆಗುವ ಭಾಷೆಯಲ್ಲೇ ಇರಬೇಕು. ಕನ್ನಡದಲ್ಲಿ ಕೊಡಿ ಅಂತ ಧೈರ್ಯವಾಗಿ ಕೇಳಿ. ಯೋಚಿಸಲು ಕಡಿಮೆ ಅಂದರೆ ಮೂರು ಕೆಲಸದ ದಿನ ಸಮಯ ಇರುತ್ತೆ. ಆ ಹಾಳೆ ಮನೆಗೆ ತನ್ನಿ. ಮಗಳ ಜೊತೆ ಕೂತು ಬೆರಳಿಟ್ಟು ಓದಿ. ಖಾಲಿ ಜಾಗ ಬಿಟ್ಟ ಕಾಗದಕ್ಕೆ ಮಾತ್ರ ಎಂದೂ ಸಹಿ ಬೇಡ.

ಬ್ಯಾಂಕಿಗೆ ಕೊಡಬೇಕಾದ ಕಾಗದ ಬಹಳ ಇವೆ. ಹಳ್ಳಿಯ ಮನೆಯಾದರೆ ಪಂಚಾಯಿತಿಯ ಇ-ಸ್ವತ್ತು, ಅಂದರೆ ನಮೂನೆ 9 ಮತ್ತು 11 ಕೇಳುತ್ತಾರೆ. ಪಟ್ಟಣದಲ್ಲಿ ಇ-ಖಾತಾ ಬೇಕು. ಋಣಭಾರ ಪತ್ರವೂ ಬೇಕು. ಅದನ್ನು ಇ.ಸಿ. ಅಂತಾರೆ. ಆ ಸ್ವತ್ತಿನ ಮೇಲೆ ನೋಂದಣಿಯಾದ ಸಾಲ ಇದ್ದರೆ ಅದರಲ್ಲಿ ಕಾಣುತ್ತೆ. ಕೊಡುವ ಮೊದಲು ಎಲ್ಲದರ ನಕಲು ಮಾಡಿಸಿ. ಯಾವ ಯಾವ ಮೂಲ ಪತ್ರ ಕೊಟ್ಟಿರಿ ಅಂತ ಪಟ್ಟಿ ಬರೆಸಿ, ಬ್ಯಾಂಕಿನ ಸೀಲು ಹಾಕಿಸಿಕೊಳ್ಳಿ.

ಕಂತು ತಪ್ಪಿದರೆ?

ಒಂದು ಕಂತು ತಪ್ಪಿದರೆ ಮನೆಗೆ ಬೀಗ ಬೀಳುವುದಿಲ್ಲ. ದಂಡ ಬೀಳುತ್ತೆ. 90 ದಿನ ಮೀರಿ ಬಾಕಿ ಉಳಿದರೆ ಅದು ಕೆಟ್ಟ ಸಾಲದ ಲೆಕ್ಕಕ್ಕೆ ಸೇರುತ್ತೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಂತೆ ಬ್ಯಾಂಕು ನೋಟೀಸು ಕೊಡಬೇಕು. ಕಟ್ಟಲು 60 ದಿನ ಸಮಯ ಇರುತ್ತೆ. ಆಗಲೂ ಕಟ್ಟದಿದ್ದರೆ ಮನೆ ವಶಕ್ಕೆ ತಗೊಳ್ಳಬಹುದು. ಹರಾಜಿಗೆ ಮೊದಲು ಮತ್ತೆ 30 ದಿನದ ನೋಟೀಸು. ತಪ್ಪು ನಡೆದಿದೆ ಅನ್ನಿಸಿದರೆ 45 ದಿನದೊಳಗೆ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬಹುದು. ಹರಾಜಿನ ಹಣದಲ್ಲಿ ಸಾಲ, ಖರ್ಚು ಕಳೆದು ಮಿಕ್ಕದ್ದು ನಿಮಗೇ ಬರಬೇಕು.

ನೋಟೀಸು ಬಂದರೆ ಅಕ್ಕಿ ಡಬ್ಬದ ಕೆಳಗೆ ಬಚ್ಚಿಡಬೇಡಿ. ದಿನಗಳು ಓಡುತ್ತಾ ಇರುತ್ತವೆ. ತಾಲ್ಲೂಕು ಕೋರ್ಟಿನಲ್ಲಿ ಉಚಿತ ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಅದಕ್ಕಿಂತ ಒಳ್ಳೆಯದು, ಕಂತು ತಪ್ಪುವ ಮೊದಲೇ ಮ್ಯಾನೇಜರರನ್ನು ಕಾಣುವುದು. ಕಾಯಿಲೆ ಬಂತು, ಕೆಲಸ ಹೋಯಿತು ಅಂತ ಬರೆದುಕೊಟ್ಟು ಅವಧಿ ಬದಲಿಸಿ ಅಂತ ಕೇಳಬಹುದು.

ವಸೂಲಿಗೆ ಬರುವವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನು ಮಾಡಿ ಕಾಡುವ ಹಾಗಿಲ್ಲ. ಬೈಯುವ ಹಾಗಿಲ್ಲ. ನೆಂಟರ ಮುಂದೆ ಮಾನ ತೆಗೆಯುವ ಹಾಗಿಲ್ಲ. ಹಾಗೆ ಮಾಡಿದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಖರ್ಚಿಲ್ಲ.

ಸಾಲ ತೀರಿದ ಮೇಲೆ

ಕೊನೆಯ ಕಂತು ಕಟ್ಟಿ ಸುಮ್ಮನೆ ಮನೆಗೆ ಬರಬೇಡಿ. ಬಾಕಿ ಇಲ್ಲ ಅನ್ನುವ ಪತ್ರ ತಗೊಳ್ಳಿ. ಪೂರ್ತಿ ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ಪತ್ರ ವಾಪಸ್ ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ಈ ನಿಯಮ ಇದೆ. ಮೊದಲು ಸೀಲು ಹಾಕಿಸಿಕೊಂಡ ಪಟ್ಟಿ ತೆಗೆದುಕೊಂಡು ಹೋಗಿ, ಒಂದೊಂದೇ ಪತ್ರ ಎಣಿಸಿ ತಗೊಳ್ಳಿ. ನೋಂದಣಿ ಕಚೇರಿಯಲ್ಲಿ ಅಡಮಾನ ಬರೆಸಿದ್ದರೆ ಅಲ್ಲೂ ಅದನ್ನು ರದ್ದು ಮಾಡಿಸಬೇಕು. ಆಮೇಲೆ ಹೊಸ ಇ.ಸಿ. ತೆಗೆಸಿ, ಸಾಲ ತೀರಿದ್ದು ಅದರಲ್ಲಿ ಬಂದಿದೆಯೇ ಅಂತ ನೀವೇ ಓದಿ ನೋಡಿ.