ಸ್ವಬಲದ ಒಂದು ವರ್ಷ: ಸ್ಪೇನಿನ ಕಾಲ್ಚೆಂಡಾಟದಿಂದ ಒಂದು ಪಾಠ

ಆಟವನ್ನು ಆಟವೆಂದೇ ಭಾವಿಸಬೇಕೆಂಬುದು ಹಿರಿಯರ ಮಾತು. ಆದರೆ ಒಂದು ದೇಶದ ಜನಜೀವನವು ಕವಲುದಾರಿಯಲ್ಲಿ ನಿಂತಿರುವಾಗ ಅಲ್ಲಿಯ ಆಟದ ಬಯಲಿನಲ್ಲಿ ನಡೆಯುವ ಸಂಗತಿಗಳು ಕೇವಲ ಮನೋರಂಜನೆಯಾಗಿ ಉಳಿಯುವುದಿಲ್ಲ. ಸ್ಪೇನ್ ದೇಶದ ಪ್ರಥಮ ದರ್ಜೆಯ ವೃತ್ತಿಪರ ಕಾಲ್ಚೆಂಡಾಟದ ಇತಿಹಾಸದಲ್ಲಿ 1980-81ನೆಯ ವರ್ಷವು ಅಂತಹುದೊಂದು. ಆ ವರ್ಷ ಗೆದ್ದವರ ಹೆಸರು ದಾಖಲೆಯ ಪುಸ್ತಕದಲ್ಲಿ ಒಂದೇ ಒಂದು ಸಾಲನ್ನು ಆಕ್ರಮಿಸಿಕೊಂಡಿದೆ. ಆ ಸಾಲಿನ ಹಿಂದೆ ಇರುವ ಪ್ರಶ್ನೆ ಮಾತ್ರ ದೊಡ್ಡದು. ಹಣಬಲವುಳ್ಳ ಮಹಾನಗರಗಳೆದುರು ಒಂದು ಸಣ್ಣ ಊರು ತನ್ನ ಮಡಿಲಲ್ಲಿ ಬೆಳೆದ ಮಕ್ಕಳನ್ನೇ ನೆಚ್ಚಿ ನಿಲ್ಲಬಲ್ಲುದೇ? ಈ ಪ್ರಶ್ನೆಯನ್ನು ವಾಚಕರ ಮುಂದಿಡುವುದೇ ನಮ್ಮ ಉದ್ದೇಶವಾಗಿದೆ.

ಮೊದಲು ಅಂದಿನ ದೇಶಸ್ಥಿತಿಯನ್ನು ನೆನೆಯುವುದು ಅವಶ್ಯ. ಸರ್ವಾಧಿಕಾರಿ ಫ್ರಾಂಕೋ 1975ರ ನವಂಬರಿನಲ್ಲಿ ಮರಣ ಹೊಂದಿದನು. 1978ರಲ್ಲಿ ಪ್ರಜೆಗಳು ಹೊಸ ರಾಜ್ಯಾಂಗಕ್ಕೆ ಮತವಿತ್ತರು. ಉತ್ತರದ ಬಾಸ್ಕ್ ನಾಡಿಗೆ 1979ರಲ್ಲಿ ಸ್ವಯಮಾಡಳಿತದ ಶಾಸನವು ದೊರೆಯಿತು. ಆದರೂ ಶಾಂತಿ ನೆಲೆಸಲಿಲ್ಲ. ಬಾಸ್ಕ್ ಸ್ವಾತಂತ್ರ್ಯದ ಹೆಸರಿನಲ್ಲಿ ಶಸ್ತ್ರ ಹಿಡಿದ ಎಟಾ ಸಂಘದ ಕೊಲೆಗಳು 1980ರಲ್ಲಿ ಪರಾಕಾಷ್ಠೆಗೆ ಮುಟ್ಟಿದ್ದವು. 1981ರ ಫೆಬ್ರವರಿ 23ರಂದು ಲೆಫ್ಟಿನೆಂಟ್ ಕರ್ನಲ್ ತೇಹೇರೋ ಎಂಬಾತನು ಸುಮಾರು 200 ಮಂದಿ ಶಸ್ತ್ರಧಾರಿಗಳೊಡನೆ ಮಾಡ್ರಿಡ್ಡಿನ ಶಾಸನಸಭೆಗೆ ನುಗ್ಗಿ ಪ್ರತಿನಿಧಿಗಳನ್ನು ಒತ್ತೆಯಿಟ್ಟುಕೊಂಡನು. ಮರುದಿನವೇ ಆ ದಂಗೆಯು ಮುರಿದುಬಿದ್ದರೂ, ಎಳೆಯ ಪ್ರಜಾಪ್ರಭುತ್ವವು ಎಷ್ಟು ತೆಳುವಾದ ನೂಲಿನ ಮೇಲೆ ತೂಗುತ್ತಿದೆಯೆಂಬುದು ಎಲ್ಲರಿಗೂ ವೇದ್ಯವಾಯಿತು.

ಇಂತಹ ಕಾಲದಲ್ಲಿ 18 ತಂಡಗಳು ತಲಾ 34 ಪಂದ್ಯಗಳನ್ನಾಡಿ ಪ್ರಥಮ ಸ್ಥಾನಕ್ಕಾಗಿ ಸೆಣಸುತ್ತಿದ್ದವು. ಗೆಲುವಿಗೆ ಎರಡು ಅಂಕ, ಸಮಕ್ಕೆ ಒಂದು ಅಂಕ ಎಂಬುದು ಅಂದಿನ ನಿಯಮ. ಪ್ರತಿ ಸಂಘವೂ ಇಬ್ಬರು ವಿದೇಶೀ ಆಟಗಾರರನ್ನು ಇಟ್ಟುಕೊಳ್ಳಬಹುದಾಗಿತ್ತು. ರಿಯಲ್ ಮಾಡ್ರಿಡ್ ಸಂಘವು ಜರ್ಮನಿಯ ಸ್ಟೀಲಿಕೆಯನ್ನೂ ಇಂಗ್ಲೆಂಡಿನ ಕನಿಂಗ್‌ಹ್ಯಾಮನನ್ನೂ ಹೊಂದಿತ್ತು. ಬಾರ್ಸಿಲೋನಾ ಸಂಘವು ಜರ್ಮನಿಯ ಶೂಸ್ಟರನನ್ನು ಕರೆತಂದುದಲ್ಲದೆ, ಹಿಹೋನ್ ನಗರದ ತಂಡದಿಂದ ಗೋಲು ಹೊಡೆಯುವುದರಲ್ಲಿ ಅದ್ವಿತೀಯನೆನಿಸಿದ ಕೀನಿಯನ್ನೂ ಕೊಂಡುತಂದಿತ್ತು. ಧನವಿದ್ದವರು ಪ್ರತಿಭೆಯನ್ನು ಕೊಳ್ಳುವುದು ವೃತ್ತಿಪರ ಕ್ರೀಡೆಯ ಧರ್ಮವೇ ಆಗಿರುವುದರಿಂದ ಇದರಲ್ಲಿ ನಾವು ಯಾರನ್ನೂ ದೂಷಿಸಲಾರೆವು.

ಇವರೆಲ್ಲರೆದುರು ನಿಂತದ್ದು ಸಾನ್ ಸೆಬಾಸ್ಟಿಯನ್ ನಗರದ ರಿಯಲ್ ಸೊಸಿಯೆದಾದ್ ಸಂಘ. ಎರಡು ಲಕ್ಷಕ್ಕೂ ಕಡಿಮೆ ಜನರು ವಾಸಿಸುವ ಕಡಲತೀರದ ಊರು ಅದು. ಅತೋಚಾ ಎಂಬ ಅದರ ಕ್ರೀಡಾಂಗಣವು ಹಣ್ಣು ತರಕಾರಿಗಳ ಮಾರುಕಟ್ಟೆಗೆ ಒತ್ತಿಕೊಂಡಿದ್ದು, ಮಳೆ ಬಂದರೆ ಕೆಸರಿನ ಗದ್ದೆಯಂತಾಗುತ್ತಿತ್ತು. ಆ ಸಂಘದಲ್ಲಿ ವಿದೇಶೀಯನೊಬ್ಬನೂ ಇರಲಿಲ್ಲ. ಸುತ್ತಲಿನ ಊರುಗಳಲ್ಲಿ ಬೆಳೆದ ಹುಡುಗರನ್ನು ಎಳೆವೆಯಲ್ಲೇ ಗುರುತಿಸಿ, ಕಿರಿಯರ ತಂಡಗಳಲ್ಲಿ ಪಳಗಿಸಿ, ಹದಕ್ಕೆ ಬಂದವರನ್ನು ಹಿರಿಯರ ಸಾಲಿಗೆ ಸೇರಿಸುವುದೇ ಅದರ ಪದ್ಧತಿ. ಗೋಲು ಕಾಯುವ ಅರ್ಕೊನಾಡಾ, ನಡುಗಳದ ಜಮೋರಾ, ರಕ್ಷಣೆಯ ಕೊರ್ತಬಾರಿಯಾ, ಮುಂಚೂಣಿಯ ಸತ್ರೂಸ್ತೆಗಿ ಮೊದಲಾದವರು ಈ ಕ್ರಮದಿಂದಲೇ ಬಂದವರು. ಗುರುವಾಗಿದ್ದ ಅಲ್ಬೆರ್ತೋ ಓರ್ಮಾಯೆಚೆಯವರೂ ಅದೇ ಪ್ರಾಂತದವರು, ಹಿಂದೆ ಅದೇ ಸಂಘಕ್ಕಾಗಿ ಆಡಿದವರು.

ಈ ತಂಡದ ಮನೋಬಲವನ್ನು ಅಳೆಯಬೇಕಾದರೆ ಹಿಂದಿನ ವರ್ಷದ ಕಥೆಯನ್ನು ತಿಳಿಯಬೇಕು. 1979-80ರಲ್ಲಿ ಅದು ಮೊದಲ 32 ಪಂದ್ಯಗಳಲ್ಲಿ ಒಂದರಲ್ಲಿಯೂ ಸೋಲಲಿಲ್ಲ. ಕೊನೆಯದರ ಹಿಂದಿನ ಪಂದ್ಯದಲ್ಲಿ, ಸೆವಿಲ್ಲಾ ನಗರದಲ್ಲಿ, ಒಮ್ಮೆ ಮಾತ್ರ ಸೋತಿತು. ಅದೊಂದರಿಂದಲೇ ರಿಯಲ್ ಮಾಡ್ರಿಡ್ 53 ಅಂಕಗಳೊಡನೆ ಅಗ್ರಸ್ಥಾನವನ್ನೇರಿತು; ಸೊಸಿಯೆದಾದಿಗೆ ದಕ್ಕಿದ್ದು 52. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇಂತಹ ಪೆಟ್ಟು ತಿಂದ ಸಂಘಗಳು ಸಾಮಾನ್ಯವಾಗಿ ಗುರುವನ್ನು ಹೊರದೂಡುತ್ತವೆ. ಇಲ್ಲವೆ ಸಾಲಮಾಡಿ ಹೊಸಬರನ್ನು ತರುತ್ತವೆ. ಇವರು ಎರಡನ್ನೂ ಮಾಡಲಿಲ್ಲ. ಅದೇ ಗುರು, ಬಹುಮಟ್ಟಿಗೆ ಅದೇ ಆಟಗಾರರು, ಅದೇ ಕೆಸರು. ಮರುವರ್ಷ ಮತ್ತೆ ಮೊದಲಿನಿಂದ ಆರಂಭಿಸಿದರು.

ದಂಗೆಯ ಹೊಗೆ ಆರುವ ಮುನ್ನವೇ, ಮಾರ್ಚ್ 1ರಂದು, ಮತ್ತೊಂದು ಆಘಾತವು ಸಂಭವಿಸಿತು. ಪಂದ್ಯವನ್ನು ಮುಗಿಸಿ ಹೊರಟಿದ್ದ ಕೀನಿಯನ್ನು ಬಾರ್ಸಿಲೋನಾ ನಗರದಲ್ಲಿ ದುಷ್ಕರ್ಮಿಗಳು ಹಣಕ್ಕಾಗಿ ಅಪಹರಿಸಿದರು. ಜರಗೋಜಾ ನಗರದ ಒಂದು ಯಂತ್ರದಂಗಡಿಯ ನೆಲಮಾಳಿಗೆಯಲ್ಲಿ ಬಂಧಿತನಾಗಿದ್ದ ಆತನನ್ನು ಪೊಲೀಸರು ಮಾರ್ಚ್ 25ರಂದು ಬಿಡಿಸಿದರು. ಅಷ್ಟು ದಿನವೂ ಪಂದ್ಯಾವಳಿಯು ನಿಲ್ಲದೆ ನಡೆಯಿತು! ಸ್ಪರ್ಧೆಯ ಮುಂಚೂಣಿಯಲ್ಲಿದ್ದ ಬಾರ್ಸಿಲೋನಾ ಎದೆಗುಂದಿ ಹಿಂದೆ ಬಿದ್ದು, ಕೊನೆಗೆ ಐದನೆಯ ಸ್ಥಾನಕ್ಕಿಳಿಯಿತು. ಒಬ್ಬ ಆಟಗಾರನ ಪ್ರಾಣವು ಅಪಾಯದಲ್ಲಿರುವಾಗ ಅಂಕಗಳ ಲೆಕ್ಕವು ಕೆಲವು ದಿನ ಕಾಯಬಾರದಾಗಿತ್ತೇ? ಕಾಯಬೇಕಾಗಿತ್ತೆಂದೇ ನಮ್ಮ ಅಭಿಪ್ರಾಯ. ಆ ವರ್ಷದ ಗೆಲುವನ್ನು ಹೊಗಳುವವರು ಈ ಕಲೆಯನ್ನು ಮರೆಮಾಚುವುದು ಸರಿಯಲ್ಲ. ಕೀನಿಯಾದರೋ ತನ್ನನ್ನು ಸೆರೆಯಿಟ್ಟವರನ್ನು ಕ್ಷಮಿಸಿದನು. ಆ ವರ್ಷ 20 ಗೋಲುಗಳೊಡನೆ ಎಲ್ಲರಿಗಿಂತ ಮುಂದೆ ನಿಂತನು.

ಕೊನೆಯ ದಿನವು ಬಂದಿತು. 1981ರ ಏಪ್ರಿಲ್ 26. ರಿಯಲ್ ಮಾಡ್ರಿಡ್ ತಂಡಕ್ಕೆ ವಯ್ಯಾದೊಲಿದ್ ನಗರದಲ್ಲಿ ಪಂದ್ಯ. ಸೊಸಿಯೆದಾದಿಗೆ ಹಿಹೋನ್ ನಗರದ ಎಲ್ ಮೊಲಿನೋನ್ ಬಯಲಿನಲ್ಲಿ. ಸೊಸಿಯೆದಾದಿಗೆ ಒಂದು ಅಂಕ ಬಂದರೆ ಸಾಕಾಗಿತ್ತು. ಏಕೆಂದರೆ ಅಂಕಗಳು ಸಮವಾದಲ್ಲಿ ಇವೆರಡೇ ತಂಡಗಳ ಪರಸ್ಪರ ಪಂದ್ಯಗಳ ಫಲಿತಾಂಶವನ್ನು ನೋಡುವ ನಿಯಮವಿದ್ದು, ಅದರಲ್ಲಿ ಸೊಸಿಯೆದಾದಿನದೇ ಮೇಲುಗೈಯಾಗಿತ್ತು. ಮಳೆಯಲ್ಲಿ ನೆನೆದ ನೆಲದ ಮೇಲೆ ಕೊರ್ತಬಾರಿಯಾ ದಂಡದ ಹೊಡೆತದಿಂದ ಮೊದಲ ಗೋಲನ್ನು ಗಳಿಸಿದನು. ಆತಿಥೇಯರ ಮೇಸಾ ಎಂಬವನು ಎರಡು ಗೋಲುಗಳನ್ನು ಹೊಡೆದು ಲೆಕ್ಕವನ್ನು ತಿರುಗಿಸಿದನು. ಅತ್ತ ಮಾಡ್ರಿಡ್ಡಿನವರು 3-1ರಿಂದ ಗೆದ್ದು, ಪ್ರಶಸ್ತಿಯು ತಮ್ಮದೇ ಎಂದು ಕುಣಿದಾಡತೊಡಗಿದರು. ಹಿಹೋನಿನಲ್ಲಿ ಆಟ ಮುಗಿಯಲು ಕೆಲವೇ ಕ್ಷಣಗಳಿದ್ದವು. ಗೋಲಿನ ಮುಂದೆ ತನ್ನತ್ತ ಬಂದ ಚೆಂಡನ್ನು ಜಮೋರಾ ಬಲೆಯೊಳಗೆ ತಳ್ಳಿದನು. 2-2! ಎರಡೂ ತಂಡಗಳಿಗೆ ತಲಾ 45 ಅಂಕ. ಸಾನ್ ಸೆಬಾಸ್ಟಿಯನ್ ನಗರವು ಮೊಟ್ಟಮೊದಲ ಬಾರಿಗೆ ಸ್ಪೇನಿನ ಅಗ್ರಸ್ಥಾನವನ್ನು ಪಡೆಯಿತು. ಸೋತವರೇನೂ ಸಾಮಾನ್ಯರಲ್ಲ, ಮರು ತಿಂಗಳು ಪ್ಯಾರಿಸ್ ನಗರದಲ್ಲಿ ಯೂರೋಪಿನ ಮಹಾಪ್ರಶಸ್ತಿಯ ಅಂತಿಮ ಪಂದ್ಯವನ್ನಾಡಿದವರು.

ಈ ಜಯವು ಆಕಸ್ಮಿಕವೆಂದು ಹೇಳುವವರಿಗೆ ಮುಂದಿನ ವರ್ಷವೇ ಉತ್ತರ ಕೊಟ್ಟಿತು. 1981-82ರಲ್ಲಿಯೂ ಅವರೇ ಪ್ರಥಮರಾದರು.

ಇದರಿಂದ ಕಲಿಯತಕ್ಕ ಪಾಠವೇನು? ನಮ್ಮ ನೆಲದವರು ಹೊರತು ಇನ್ನಾರೂ ಬೇಡವೆಂದು ಬಾಗಿಲು ಮುಚ್ಚಿದ್ದರಿಂದಲೇ ಅವರು ಗೆದ್ದರೆಂದು ಕೆಲವರು ವಾದಿಸಬಹುದು. ನಾವು ಅದನ್ನು ಒಪ್ಪಲಾರೆವು. ಆ ತಂಡದ ಮುಂಚೂಣಿಯ ಚತುರನಾದ ಲೋಪೆಸ್ ಉಫಾರ್ತೆ ಹುಟ್ಟಿದ್ದು ಆಫ್ರಿಕದ ಮೊರಾಕೋ ದೇಶದ ಫೆಸ್ ನಗರದಲ್ಲಿ. ಬೆಳೆದದ್ದು ಬಾಸ್ಕ್ ಗಡಿಯೂರಾದ ಇರೂನಿನಲ್ಲಿ. ಆತನನ್ನು ಆ ನಾಡಿನವನನ್ನಾಗಿ ಮಾಡಿದ್ದು ಪೋಷಣೆ. ಅಭಿಪ್ರಾಯಗಳೂ ಒಂದೇ ಆಗಿರಲಿಲ್ಲ. ನಿಷಿದ್ಧವಾಗಿದ್ದ ಬಾಸ್ಕ್ ಧ್ವಜವನ್ನು 1976ರ ಡಿಸೆಂಬರ್ 5ರಂದು ಎದುರು ತಂಡದ ಇರಿಬಾರನೊಡನೆ ಅತೋಚಾ ಬಯಲಿಗೆ ಹೊತ್ತು ತಂದ ಕೊರ್ತಬಾರಿಯಾ, ಮುಂದೆ ಸ್ಪೇನಿನ ರಾಷ್ಟ್ರೀಯ ತಂಡದಲ್ಲಿ ಆಡಲು ನಿರಾಕರಿಸಿದನು. ಅವನ ಬೆನ್ನ ಹಿಂದೆ ಗೋಲನ್ನು ಕಾಯುತ್ತಿದ್ದ ಅರ್ಕೊನಾಡಾ 1982ರ ವಿಶ್ವಸ್ಪರ್ಧೆಯಲ್ಲಿ ಅದೇ ರಾಷ್ಟ್ರೀಯ ತಂಡದ ನಾಯಕನಾದನು. ಭಿನ್ನಮತವು ಒಂದೇ ಅಂಗಣದಲ್ಲಿ ಹೆಗಲಿಗೆ ಹೆಗಲು ಕೊಟ್ಟು ದುಡಿಯಿತು. ಹೊರಗೆ ಬಂದೂಕುಗಳು ಮಾತಾಡುತ್ತಿದ್ದ ದಿನಗಳಲ್ಲಿ ಇದು ಅಲ್ಪ ಸಾಧನೆಯೆಂದು ಯಾರು ಹೇಳಿಯಾರು?

1989ರಲ್ಲಿ ಆ ಸಂಘವು ಲಿವರ್‌ಪೂಲಿನಿಂದ ಜಾನ್ ಆಲ್ಡ್ರಿಜನನ್ನು ಕರೆತಂದು ಹಳೆಯ ಕಟ್ಟಳೆಯನ್ನು ಸಡಿಲಿಸಿತು. ಬಾಗಿಲು ತೆರೆಯಿತು, ಕಿರಿಯರನ್ನು ಬೆಳೆಸುವ ಕೆಲಸವು ಮಾತ್ರ ನಿಲ್ಲಲಿಲ್ಲ. 2021ರ ಏಪ್ರಿಲಿನಲ್ಲಿ, ಹಿಹೋನಿನ ಆ ದಿನಕ್ಕೆ 40 ವರ್ಷ ತುಂಬುತ್ತಿದ್ದ ತಿಂಗಳಲ್ಲಿಯೇ, ಅದು ನೆರೆಯ ಬಿಲ್ಬಾವೋ ತಂಡವನ್ನು 1-0ರಿಂದ ಸೋಲಿಸಿ ರಾಜಪ್ರಶಸ್ತಿಯನ್ನು ಪಡೆಯಿತು. ಆ ಒಂದು ಗೋಲನ್ನು ಹೊಡೆದ ಒಯಾರ್ಸಾಬಾಲ್ ಅದೇ ಪ್ರಾಂತದ ಎಯಿಬಾರ್ ಊರಿನ ಮಗ. ಕಟ್ಟಳೆಗಳು ಕಾಲಕ್ಕೆ ತಕ್ಕಂತೆ ಬದಲಾಗಬಹುದು, ಬದಲಾಗಲೂ ಬೇಕು. ಬಿತ್ತುವವನು ಬಿತ್ತುವುದನ್ನು ನಿಲ್ಲಿಸಿದರೆ ಮಾತ್ರ ಯಾವ ಹಣದಿಂದಲೂ ಬೆಳೆಯನ್ನು ತುಂಬಿಕೊಳ್ಳಲಾಗದು.

ಸ್ವಬಲವೆಂಬುದು ಪರರನ್ನು ದೂರವಿಡುವ ಗೋಡೆಯಾಗದೆ, ನಮ್ಮವರನ್ನು ಬೆಳೆಸುವ ಹೊಲವಾಗಬೇಕು. ಒಂದು ವರ್ಷದ ಬೆಳೆ ಕೈಕೊಟ್ಟರೆ ಅದೇ ಹೊಲವನ್ನು ಮತ್ತೆ ಉಳುವ ತಾಳ್ಮೆ ಬೇಕು. ಆಟದ ಸಂಘಗಳಿಗೆ ಹೇಗೋ ಊರುಗಳಿಗೂ ಶಾಲೆಗಳಿಗೂ ಹಾಗೆಯೇ. 1981ರ ಜಮೋರಾನ ಗೋಲನ್ನು ನೆನೆಯುವವರು ಅದರ ಹಿಂದಿದ್ದ 1980ರ ಸೋಲನ್ನೂ, ಆ ಸೋಲಿನ ಮರುದಿನ ಕೆಸರಿಗಿಳಿದ ಹುಡುಗರನ್ನೂ ನೆನೆಯಲಿ ಎಂಬುದು ನಮ್ಮ ಬಿನ್ನಹ.